ಕೀಲಿಕೈ ಹಿಡಿದವನು

ಮೂರು ವರ್ಷಗಳ ಹಿಂದೆ ಬನಹಟ್ಟಿಯಲ್ಲಿ ಶ್ರಾವಣಮಾಸದ ಪ್ರವಚನ ನಡೆದಿತ್ತು. ಅಹಂಕಾರಿಯ ಕಾವಲು ಎಷ್ಟು ಬಿಗಿಯಾಗಿದ್ದರೂ ವ್ಯರ್ಥವೆಂಬುದಕ್ಕೆ ದೃಷ್ಟಾಂತವಾಗಿ ನಾವು ಕಂಸನ ಸೆರೆಮನೆಯ ಪ್ರಸಂಗವನ್ನು ಎತ್ತಿಕೊಂಡೆವು. ಕಾವಲುಗಾರರು ಗೊರಕೆ ಹೊಡೆಯುತ್ತ ಬಿದ್ದುದನ್ನು ತುಸು ಬಣ್ಣ ಕಟ್ಟಿಯೇ ಹೇಳಿದೆವು. ಸಭೆ ಗೊಳ್ಳೆಂದು ನಕ್ಕಿತು. ಮಂಗಲವಾದ ಬಳಿಕ ವೃದ್ಧರೊಬ್ಬರು ಬಂದು ನಮಸ್ಕರಿಸಿ, "ಅಜ್ಜಾರ, ಮರುದಿವಸ ಮುಂಜಾನೆ ಕಂಸ ಆ ಕಾವಲಿನವರಿಗೆ ಏನ್ ಮಾಡಿದ್ದಾನ್ರೀ? ಅವರಿಗೂ ಹೇಣ್ತಿ ಮಕ್ಕಳು ಇದ್ದಿರಬೇಕಲ್ರೀ?" ಎಂದು ಕೇಳಿದರು.

ಅವರು ನೇಕಾರ ಮನೆತನದವರು. ಮಗ್ಗ ಬಿಟ್ಟು ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ ವಾರ್ಡರರಾಗಿ ದುಡಿದು ನಿವೃತ್ತರಾದವರು. ಅವರಿಗೆ ಹೇಳಲು ನಮ್ಮಲ್ಲಿ ಉತ್ತರವಿರಲಿಲ್ಲ. ಕಾಶಿಯಲ್ಲಿ ಓದಿದ ಶಾಸ್ತ್ರವಾಗಲಿ, ಧಾರವಾಡದಲ್ಲಿ ಓದಿದ ಸಾಹಿತ್ಯವಾಗಲಿ ಆ ಪ್ರಶ್ನೆಯನ್ನು ನಮಗೆ ಕಲಿಸಿರಲಿಲ್ಲ.

ಅಂದಿನಿಂದ ಸೆರೆಮನೆಯ ಅಧಿಕಾರಿಯನ್ನು ನಮ್ಮ ಹಾಡು, ಕಥೆ, ಚಿತ್ರಗಳಲ್ಲಿ ಹುಡುಕುತ್ತ ಬಂದಿದ್ದೇವೆ. ನಮ್ಮ ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಗೆ ಮಣಿಯದೆ ಹೋರಾಡಿದರು. ಸೆರೆ ಸಿಕ್ಕವರಲ್ಲಿ ಹಲವರನ್ನು ಅದೇ ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಫ್ಲೀಟ್ ಸಾಹೇಬರು ಸಂಗ್ರಹಿಸಿದ ಲಾವಣಿಯಲ್ಲಿ ವೀರರ ಹೆಸರುಗಳು ಉಳಿದಿವೆ. ಆದರೆ ಹಿಡಿದ ದಿನಕ್ಕೂ ಗಲ್ಲಿನ ದಿನಕ್ಕೂ ನಡುವಣ ರಾತ್ರಿಗಳಲ್ಲಿ ಅವರ ಬಾಗಿಲು ಕಾದವರು ಯಾರು? ಅವರಿಗೆ ನೀರು ಕೊಟ್ಟವರು ಯಾರು? ಬಹುಶಃ ಇದೇ ಸೀಮೆಯ, ಇದೇ ಮಾತನಾಡುವ ಜನರಿದ್ದಾರು. ಅವರನ್ನು ಯಾರೂ ಹಾಡಲಿಲ್ಲ. ಹಾಡದಿದ್ದುದು ತಪ್ಪೆಂದು ನಾವು ಹೇಳುವುದಿಲ್ಲ. ಲಾವಣಿಗೆ ಅದರದೇ ಆದ ಕೆಲಸವಿತ್ತು.

ಸಿನಿಮಾ ನಮ್ಮ ಕ್ಷೇತ್ರವಲ್ಲ. ಆದರೂ ರಾಮನಗರದ ಬಂಡೆಗಳಲ್ಲಿ ಚಿತ್ರಿತವಾದ 1975ರ 'ಶೋಲೆ'ಯ ಜೇಲರನನ್ನು ಅರಿಯದ ಹುಡುಗರು ಈ ಭಾಗದಲ್ಲಿ ಇರಲಿಕ್ಕಿಲ್ಲ. ತುಂಡು ಮೀಸೆಯ ಆ ವಿದೂಷಕನನ್ನು ಹುಡುಗರು ಅನುಕರಿಸುವಾಗ ತಾವೂ ನಕ್ಕಿದ್ದುಂಟೆಂದು ಆ ವೃದ್ಧರೇ ಹೇಳಿದರು.

ಇದಕ್ಕೆ ಅಪವಾದವೊಂದಿದೆ, ಅದೂ ನೆರೆಯ ಸೀಮೆಯಿಂದ ಹುಟ್ಟಿದುದು. ವಿಜಾಪುರ ಸೀಮೆಯ ಗುಣದಾಳವನ್ನೂ ಒಳಗೊಂಡಿದ್ದ ಔಂಧ ಸಂಸ್ಥಾನದಲ್ಲಿ, ಆಟಪಾಡಿಯ ಬಳಿ, 1939ರಲ್ಲಿ ಸ್ವತಂತ್ರಪುರವೆಂಬ ಬಯಲು ಬಂದೀಖಾನೆ ಆರಂಭವಾಯಿತು. ಬೆಂಗಳೂರಿನಲ್ಲಿ ಕೆಲಸಮಾಡಿದ್ದ ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರೀಡ್‌ಮನ್ನರ ಪ್ರೇರಣೆ, ರಾಜರ ಒಪ್ಪಿಗೆ. ಗೋಡೆಯಿಲ್ಲ, ಬೇಡಿಯಿಲ್ಲ, ಕೊಲೆ ಮಾಡಿದವರು ಹೊಲ ಉತ್ತರು. ಅದನ್ನೇ ಆಧರಿಸಿ ಮಾಡಗೂಳಕರರು ಬರೆದ ಕಥೆಯನ್ನು ಶಾಂತಾರಾಮರು 1957ರಲ್ಲಿ 'ದೋ ಆಂಖೇ ಬಾರಹ ಹಾಥ್' ಚಿತ್ರವಾಗಿಸಿ, ತಾವೇ ಜೇಲರನ ಪಾತ್ರ ವಹಿಸಿದರು. ಉದಾತ್ತವಾದ ಪಾತ್ರ, ಸಂಶಯವಿಲ್ಲ. ಆದರೆ ಆ ಜೇಲರನು ಸಂತನೇ ಆಗಬೇಕಾಯಿತು. ಕೊನೆಗೆ ಹೋರಿಯೊಡನೆ ಹೋರಾಡಿ ಪ್ರಾಣವನ್ನೂ ಕೊಡಬೇಕಾಯಿತು. ನಿದ್ದೆಗೇಡಿ, ಕ್ರೂರಿ, ವಿದೂಷಕ, ಇಲ್ಲವೇ ಹುತಾತ್ಮ: ಇವರ ನಡುವೆ, ಸಂಬಳಕ್ಕಾಗಿ ಕೀಲಿಕೈ ಹಿಡಿದು ಸಂಜೆ ಎಣಿಕೆ ಸರಿಹೋದರೆ ಮನೆಗೆ ಹೋಗುವ ಸಾಧಾರಣ ಮನುಷ್ಯನಿಗೆ ಎಡೆಯಿಲ್ಲ. ಶರಣರ ಕೂಟದಲ್ಲಿ ಊರ ಕಾಯುವ ತಳವಾರ ಕಾಮಿದೇವಯ್ಯನಿಗೆ ಎಡೆಯಿತ್ತೆಂಬುದು ನಮಗೆ ಆಗ ನೆನಪಾಯಿತು.

ಮತ್ತೊಮ್ಮೆ ಮಠಕ್ಕೆ ಬಂದಾಗ ಆ ವೃದ್ಧರು ತಮ್ಮ ಮನಸ್ಸಿನ ಭಾರವನ್ನು ಇಳಿಸಿಕೊಂಡರು. ಒಂದು ಸಂಜೆ, ಬಂದಿಗಳನ್ನೆಲ್ಲ ಒಳಗೆ ಹಾಕಿ ಕೀಲಿ ಹಾಕಿದ ಮೇಲೆ, ಒಬ್ಬನ ತಾಯಿ ತೀರಿಕೊಂಡಳೆಂದು ತಂತಿ ಬಂದಿತಂತೆ. ಆ ಹೊತ್ತಿನಲ್ಲಿ ಅವನನ್ನು ಬಿಡುವಂತಿಲ್ಲ. ಇವರು ತಂತಿಯನ್ನು ಕಿಸೆಯಲ್ಲಿಟ್ಟುಕೊಂಡು ರಾತ್ರಿಯೆಲ್ಲ ಆ ಬಾಗಿಲ ಮುಂದೆಯೇ ತಿರುಗಾಡಿ, ಬೆಳಗಾದ ಮೇಲೆ ತಿಳಿಸಿದರು. "ಒಂದು ರಾತ್ರಿ ನಿದ್ದಿ ಮಾಡ್ಲಿ ಅಂದ್ಕೊಂಡೆರೀ. ಅಂವಾ ನನ್ನ ಕಡೆ ನೋಡಿ, 'ನಿನ್ನೆ ಯಾಕ ಹೇಳ್ಲಿಲ್ರೀ' ಅಂದ. ನಾ ಮಾಡಿದ್ದು ಬರೋಬ್ಬರಿ ಆತೇನ್ರೀ, ಅಜ್ಜಾರ?"

ಇದಕ್ಕೂ ನಾವು ಉತ್ತರ ಹೇಳಲಿಲ್ಲ. ಪ್ರಸಾದ ಮುಗಿಸಿಕೊಂಡು ಹೋಗಿರೆಂದೆವು.

ಕಳೆದ ಶ್ರಾವಣದಲ್ಲಿ ಅದೇ ಪ್ರಸಂಗ ಮತ್ತೆ ಬಂದಿತು. ಅವರು ಕಂಬಕ್ಕೆ ಒರಗಿ ಕುಳಿತಿದ್ದರು. ಗೊರಕೆಯ ಮಾತನ್ನು ಬಿಟ್ಟು ನಾವು ಅವರ ಪ್ರಶ್ನೆಯನ್ನೇ ಸಭೆಯ ಮುಂದಿಟ್ಟೆವು. ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ತಾಯಿಯೊಬ್ಬಳು, "ಕೊಂದಿರಬೇಕ್ರೀ, ಅಜ್ಜಾರ," ಎಂದಳು.