ಸಮುದ್ರವಿಲ್ಲದ ಬ್ರಹ್ಮಸಮುದ್ರ

ಬೆಂಗಳೂರಿನಿಂದ ಪಾವಗಡದ ಮಾರ್ಗವಾಗಿ ಕಲ್ಯಾಣದುರ್ಗಕ್ಕೆ ಹೊರಟವರಿಗೆ ಕರ್ನಾಟಕ ಎಲ್ಲಿ ಮುಗಿಯಿತು, ಆಂಧ್ರ ಎಲ್ಲಿ ಶುರುವಾಯಿತು ಎಂಬುದು ಬೇಗ ತಿಳಿಯುವುದಿಲ್ಲ. ಅದೇ ಕೆಮ್ಮಣ್ಣು, ಅದೇ ಬಂಡೆಗುಡ್ಡ. ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತವೆ. ಕಲ್ಯಾಣದುರ್ಗದ ಪಶ್ಚಿಮಕ್ಕಿರುವ ಮಂಡಲ ಬ್ರಹ್ಮಸಮುದ್ರ. ಹೆಸರು ಕೇಳಿ ಅಲೆಗಳನ್ನು ನೆನೆಯಬೇಡಿ; ಈ ಸೀಮೆಯ ಊರ ಹೆಸರುಗಳಲ್ಲಿ ಸಮುದ್ರವೆಂದರೆ ಕೆರೆ. ಅನಂತಪುರದ ಪಕ್ಕದ ಬುಕ್ಕರಾಯಸಮುದ್ರವೂ ಹಾಗೆಯೇ. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 550 ಮಿ.ಮೀ. ಮಾತ್ರ.

ಬೆಂಗಳೂರು 900 ಮೀಟರಿಗಿಂತಲೂ ಎತ್ತರದಲ್ಲಿದೆ, ಹಿಂದೂಪುರ 600ರ ಆಸುಪಾಸು, ಅನಂತಪುರ ಪಟ್ಟಣ ಸುಮಾರು 350. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಈ ಲೆಕ್ಕದಲ್ಲಿ ಅನಂತಪುರ ಬೆಂಗಳೂರಿಗಿಂತ ಮೂರೂವರೆ ಡಿಗ್ರಿ ಬಿಸಿ ಇರಬೇಕು, ಅಷ್ಟೆ. ಆದರೆ ಏಪ್ರಿಲ್ ಮಧ್ಯಾಹ್ನ ಬಸ್ಸಿನಿಂದ ಇಳಿದವರ ಮೈ ಈ ಲೆಕ್ಕವನ್ನು ಒಪ್ಪುವುದಿಲ್ಲ.

ಅದಕ್ಕೆ ಕಾರಣ ನೆಲದ ಹೊದಿಕೆ. ಇದು ಕಡಲೆಕಾಯಿ ನಾಡು. ಮುಂಗಾರಿಗೆ ಬಿತ್ತಿದ ಬೆಳೆ ಕಿತ್ತ ಮೇಲೆ ಮುಂದಿನ ಮಳೆಯವರೆಗೆ ಹೊಲ ಬೆತ್ತಲೆ. ಒಣಗಿದ ಬರಿನೆಲ ಮಧ್ಯಾಹ್ನ ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಮಣ್ಣು, ನಡುವೆ ಕೂಲಿಯವರು. ಮರದಡಿ ನಿಂತರೆ ಥರ್ಮಾಮೀಟರ್ ತೋರಿಸುವ ಇಳಿಕೆ ಅಲ್ಪವೇ ಇರಬಹುದು, ಆದರೂ ಜೀವ ಬಂದಂತಾಗುತ್ತದೆ. ಎಲೆಗಳು ಬಿಸಿಲನ್ನು ತಡೆದು, ನೀರನ್ನು ಆವಿಯಾಗಿಸಿ ತಾವೂ ತಣ್ಣಗಿರುತ್ತವೆ. ಕದಿರಿಯ ಬಳಿ ಇರುವ ತಿಮ್ಮಮ್ಮನ ಆಲದಮರದ ಕೆಳಗೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಯೋನನಿಗೆ ನೆರಳು ಕೊಟ್ಟ ಗಿಡವನ್ನು ಕೆಲವು ವಿದ್ವಾಂಸರು ಹರಳುಗಿಡವೆನ್ನುತ್ತಾರೆ. ಅದು ಇಲ್ಲಿನ ಹೊಲಗಳಲ್ಲೂ ಬೆಳೆಯುತ್ತದೆ, ಆದರೆ ಅದರ ನೆರಳು ಎಷ್ಟು ಜನಕ್ಕೆ ಸಾಕಾದೀತು!

ಮಂಗಳೂರಿನ ನಮ್ಮ ಬಂಧುಗಳು ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಲೇ ಇರುತ್ತಾರೆ. ಇಲ್ಲಿ ಒಣಗಾಳಿ ಬೆವರನ್ನು ಹುಟ್ಟಿದಲ್ಲೇ ಹೀರುತ್ತದೆ. ಮೈ ಒಣಗಿದಂತೆಯೇ ಇರುವುದರಿಂದ ಎಷ್ಟು ನೀರು ಹೋಯಿತೆಂದು ತಿಳಿಯುವುದಿಲ್ಲ. ಹೊಲದಲ್ಲಿ ದುಡಿಯುವವರಿಗೆ, ಮುದುಕರಿಗೆ, ಮಕ್ಕಳಿಗೆ ಅಪಾಯ ಇರುವುದು ಇಲ್ಲಿಯೇ; ಬಾಯಾರಿಕೆಗೆ ಕಾಯದೆ ನೀರು ಮಜ್ಜಿಗೆ ಕುಡಿಯಬೇಕು.

ಈ ನೆಲಕ್ಕೆ 1969ರಲ್ಲಿ ಬಂದವರು ಸ್ಪೇನಿನ ವಿನ್ಸೆಂಟ್ ಫೆರರ್. ಆಗ ಯೇಸುಸಭೆಯ ಗುರು. ಮರುವರ್ಷ ಸಭೆ ಬಿಟ್ಟರು, ಅನಂತಪುರವನ್ನು ಮಾತ್ರ 2009ರಲ್ಲಿ ಕಣ್ಮುಚ್ಚುವವರೆಗೂ ಬಿಡಲಿಲ್ಲ. ಅವರು ಕಟ್ಟಿದ ಗ್ರಾಮೀಣಾಭಿವೃದ್ಧಿ ಸಂಸ್ಥೆ ಬಾವಿ, ಮನೆ, ಶಾಲೆ, ಕಲ್ಯಾಣದುರ್ಗದಲ್ಲೊಂದು ಆಸ್ಪತ್ರೆ, ಇವುಗಳ ಜೊತೆಗೆ ಗಿಡಗಳನ್ನೂ ನೆಡಿಸಿತು. ಆಸ್ಪತ್ರೆಯಷ್ಟೇ ಮುಖ್ಯವಾದ ಕೆಲಸ ಅದು ಎಂದು ನನ್ನ ಭಾವನೆ.

ಒಣ ಹವೆಯ ಒಂದು ಉಪಕಾರವೂ ಇದೆ: ಮೋಡವಿಲ್ಲದ ರಾತ್ರಿ ಬರಿನೆಲ ಬೇಗ ಆರುತ್ತದೆ. ದಪ್ಪ ಗೋಡೆಯ ಹಳೆಯ ಮಣ್ಣಿನ ಮಾಳಿಗೆಮನೆಗಳು ಹಗಲಿನ ಝಳವನ್ನು ನಿಧಾನಕ್ಕೆ ಒಳಗೆ ಬಿಡುತ್ತಿದ್ದವು. ಈಗಿನ ತೆಳು ತಾರಸಿ ಸಂಜೆಗೇ ಕಾದು, ಹೊರಗೆ ತಂಪಾದ ಮೇಲೂ ಒಳಗೆ ಸೆಕೆ ಸುರಿಯುತ್ತದೆ. ಆದ್ದರಿಂದಲೇ ಬೇಸಿಗೆಯಲ್ಲಿ ಚಾಪೆ ದಿಂಬುಗಳು ಮಾಳಿಗೆ ಏರುತ್ತವೆ.