ವೈರಿಯಿಂದ ಕಲಿತ ವಿದ್ಯೆ

ರಣಭೂಮಿಯಲ್ಲಿ ಕೊನೆಯುಸಿರೆಳೆಯುತ್ತಿದ್ದ ರಾವಣನ ಬಳಿಗೆ ಶ್ರೀರಾಮನು ಲಕ್ಷ್ಮಣನನ್ನು ರಾಜನೀತಿ ಕಲಿತು ಬರಲು ಕಳುಹಿಸಿದ ಕಥೆಯನ್ನು ನಾವು ತರಗತಿಗಳಲ್ಲಿ ಎಷ್ಟೋ ಸಲ ಹೇಳಿದ್ದೇವೆ. ವೈರಿಯಲ್ಲಿಯೂ ವಿದ್ಯೆಯಿದ್ದರೆ ಕಲಿಯಬೇಕೆಂಬುದು ಅದರ ತಾತ್ಪರ್ಯ. ನಿವೃತ್ತಿಯ ಬಿಡುವಿನಲ್ಲಿ ಲಸಿಕೆಗಳ ಕುರಿತು ಓದತೊಡಗಿದಾಗ, ವಿಜ್ಞಾನಿಗಳು ಇದನ್ನೇ ಅಕ್ಷರಶಃ ಆಚರಿಸುತ್ತಿರುವುದು ನಮಗೆ ತಿಳಿದುಬಂದಿತು.

ನಮ್ಮ ಓರಗೆಯವರ ತೋಳಿನಲ್ಲಿ ಇಂದಿಗೂ ಒಂದು ಕಲೆಯಿದೆ. ಮೈಲಿ ಬೇನೆ, ಎಂದರೆ ಸಿಡುಬು, ಬಾರದಂತೆ ಬಾಲ್ಯದಲ್ಲಿ ಹಾಕಿದ ಲಸಿಕೆಯ ಗುರುತು ಅದು. ಅದರಲ್ಲಿದ್ದುದು ವ್ಯಾಕ್ಸೀನಿಯ ಎಂಬ ಜೀವಂತ ವೈರಸ್. ಅದರ ಬಲದಿಂದಲೇ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು 1980ರಲ್ಲಿ ಘೋಷಣೆಯಾಯಿತು.

ಈಗಿನ ವಂಶವಾಹಿ ಆಧಾರಿತ ಲಸಿಕೆಗಳ ರೀತಿ ಬೇರೆ. ಇವುಗಳಲ್ಲಿ ರೋಗಾಣು ಇರುವುದಿಲ್ಲ. ರೋಗಾಣುವಿನ ಒಂದು ಪ್ರೋಟೀನನ್ನು ತಯಾರಿಸುವ ಬರಹ ಮಾತ್ರ ಡಿಎನ್‌ಎ ಅಥವಾ ಆರ್‌ಎನ್‌ಎ ರೂಪದಲ್ಲಿರುತ್ತದೆ. ನಮ್ಮ ಜೀವಕೋಶಗಳು ಅದನ್ನು ಓದಿ ಆ ಪ್ರೋಟೀನನ್ನು ತಯಾರಿಸುತ್ತವೆ. ದೇಹವು ಅದನ್ನು ಕಂಡು ಪ್ರತಿರೋಧವನ್ನು ಕಲಿಯುತ್ತದೆ. ಅಹಮದಾಬಾದಿನಲ್ಲಿ ಸಿದ್ಧವಾದ ಝೈಕೋವ್-ಡಿ, 2021ರಲ್ಲಿ ಮನುಷ್ಯರ ಬಳಕೆಗೆ ಅನುಮತಿ ಪಡೆದ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ. 2023ರಲ್ಲಿ ಅನುಮತಿ ಪಡೆದ ಜೆಮ್‌ಕೊವ್ಯಾಕ್-ಓಎಂ ನಾವಿರುವ ಮಹಾರಾಷ್ಟ್ರದ ಪುಣೆಯದು. ಅದರಲ್ಲಿರುವ ಆರ್‌ಎನ್‌ಎ ಜೀವಕೋಶದೊಳಗೆ ತನ್ನ ಪ್ರತಿಗಳನ್ನು ತಾನೇ ಮಾಡಿಕೊಳ್ಳುತ್ತದೆ. ಆದ್ದರಿಂದ ಸ್ವಲ್ಪ ಪ್ರಮಾಣವೇ ಸಾಕೆಂಬ ನಿರೀಕ್ಷೆ.

ತೊಡಕು ಇರುವುದು ಇಲ್ಲಿಯೇ. ಆರ್‌ಎನ್‌ಎ ಪ್ರತಿಯಾಗುವಾಗ ಜೀವಕೋಶವು ವೈರಸ್ ನುಗ್ಗಿತೆಂದು ಭಾವಿಸಿ ಪ್ರೋಟೀನ್ ತಯಾರಿಕೆಯನ್ನೇ ತಡೆಯುತ್ತದೆ. ಪಾಠ ಅರ್ಧವಾಗುವ ಮೊದಲೇ ಶಾಲೆಯ ಗಂಟೆ ಬಾರಿಸಿದಂತೆ! ಪ್ರಮಾಣವನ್ನು ಹೆಚ್ಚಿಸಿದರೂ ಫಲ ಅದೇ ಅನುಪಾತದಲ್ಲಿ ಹೆಚ್ಚುವುದಿಲ್ಲ.

ಈ ಗಂಟೆಯನ್ನು ತಡೆಯುವ ವಿದ್ಯೆ ವೈರಸ್‌ಗಳಿಗೆ ಕರಗತ. ವ್ಯಾಕ್ಸೀನಿಯದ ಇ3 ಎಂಬ ಪ್ರೋಟೀನು ಪರಕೀಯ ಆರ್‌ಎನ್‌ಎಯನ್ನು ಮರೆಮಾಡುತ್ತದೆ. ಕೆ3 ಎಂಬುದು ಕಾವಲಿನ ಪ್ರೋಟೀನಿಗೆ ತಾನೇ ಗುರಿಯಾಗಿ ನಿಂತು ಅದರ ಕೈ ಕಟ್ಟುತ್ತದೆ. ಬಿ18 ಎಂಬುದು ಅಪಾಯದ ಸುದ್ದಿ ಒಯ್ಯುವ ಇಂಟರ್‌ಫೆರಾನನ್ನು ದಾರಿಯಲ್ಲಿಯೇ ಹಿಡಿಯುತ್ತದೆ. ಜರ್ಮನಿಯ ಮೈನ್ಸ್ ನಗರದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಮೂರನ್ನೂ ಬಳಸಿದಾಗ, ಆರ್‌ಎನ್‌ಎಯಿಂದ ಪ್ರೋಟೀನ್ ತಯಾರಿಕೆ ಹೆಚ್ಚಿತು. ನಮ್ಮ ತೋಳಿನ ಕಲೆಗೆ ಕಾರಣವಾದ ವೈರಸ್ಸೇ ಹೊಸ ಲಸಿಕೆಗೂ ಗುರುವಾದುದು ನಮಗೆ ಸೋಜಿಗವೆನಿಸಿತು.

2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಪ್ರಕಟಿಸಿದ ಪ್ರಯೋಗ ನಮ್ಮನ್ನು ಇನ್ನಷ್ಟು ತಟ್ಟಿತು. ನಾಯಿಗಳಿಗೆ ಕೆಮ್ಮು ತರುವ ಪ್ಯಾರಾಇನ್‌ಫ್ಲುಯೆಂಜಾ-5 ವೈರಸ್ಸಿನ ವಿ ಎಂಬ ಪ್ರೋಟೀನಿನ ಬರಹವನ್ನು ಅವರು ರೇಬಿಸ್ ಲಸಿಕೆಯ ಆರ್‌ಎನ್‌ಎಯೊಳಗೇ ಹೆಣೆದರು. ಮೊಲಗಳಲ್ಲಿ ಪ್ರತಿರೋಧ ಹೆಚ್ಚಿತು, ಇಲಿಗಳಲ್ಲಿ ಹೆಚ್ಚಲಿಲ್ಲ.

ರೇಬಿಸ್ ಎಂದೊಡನೆ ನಮಗೆ ನೆನಪಾಗುವುದು ಒಬ್ಬ ಬಾಲಕ. 1980ರ ದಶಕದಲ್ಲಿ ಅಕ್ಕಲಕೋಟ ತಾಲೂಕಿನ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ನಾವು ಶಿಕ್ಷಕರಾಗಿದ್ದಾಗ, ನಾಲ್ಕನೆಯ ಇಯತ್ತೆಯ ಅವನನ್ನು ಹುಚ್ಚುನಾಯಿ ಕಚ್ಚಿತು. ಆಗ ಹೊಟ್ಟೆಯ ಸುತ್ತ ದಿನಕ್ಕೊಂದರಂತೆ ಚುಚ್ಚುಮದ್ದು. ಮೂರು ದಿನ ಕರೆದೊಯ್ದ ತಂದೆ ನಾಲ್ಕನೆಯ ದಿನ, “ಗುರುಗಳ, ದಿನಾ ಕೂಲಿ ಬಿಟ್ಟು ಹ್ಯಾಂಗ ಹೋಗ್ಲಿರಿ?” ಎಂದರು. ನಾವು ಒಂದು ವಾರದ ಬಸ್ಸಿನ ಹಣ ಕೊಟ್ಟೆವು. ಹಣವಿತ್ತು, ಮನೆಯಲ್ಲಿ ಜೋಳ ಇರಲಿಲ್ಲ; ಅವರು ಕೂಲಿಗೇ ಹೋದರು. ತಿಂಗಳು ಕಳೆಯುವುದರೊಳಗೆ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ನಾವು ಗೆರೆ ಎಳೆಯಬೇಕಾಯಿತು. ಹೊಟ್ಟೆಯ ಚುಚ್ಚುಮದ್ದು ಈಗಿಲ್ಲ; ಆದರೆ ಇಂದಿಗೂ ಒಂದೇ ಚುಚ್ಚಿಗೆ ಕೆಲಸ ಮುಗಿಯುವುದಿಲ್ಲ. ಬಡವರ ಪಾಲಿಗೆ ಒಂದು ಚುಚ್ಚು ಕಡಿಮೆಯಾದರೆ ಒಂದು ದಿನದ ಕೂಲಿ ಉಳಿದಂತೆ. ಕೆಲವೊಮ್ಮೆ ಒಂದು ಜೀವವೇ ಉಳಿದಂತೆ.

ದೇಹದ ಕಾವಲನ್ನು ಸುಮ್ಮನಿರಿಸುವುದು ಅಪಾಯವಲ್ಲವೇ ಎಂದು ನಮ್ಮ ಸಭೆಗಳಲ್ಲಿ ಯಾರಾದರೂ ಕೇಳಿದರೆ, ಆ ಪ್ರಶ್ನೆ ಯೋಗ್ಯವಾದುದೇ. ಲಂಡನ್ನಿನವರು ಎರಡು ಬರಹಗಳನ್ನೂ ಒಂದೇ ಎಳೆಯಲ್ಲಿ ಹೆಣೆದುದರ ಮರ್ಮವೂ ಅದೇ: ಲಸಿಕೆ ಸೇರಿದ ಜೀವಕೋಶದಲ್ಲಿ ಮಾತ್ರ, ಆ ಆರ್‌ಎನ್‌ಎ ಉಳಿಯುವಷ್ಟು ಕಾಲ ಮಾತ್ರ, ವಿ ಪ್ರೋಟೀನು ತಯಾರಾಗುತ್ತದೆ. ಮೊಲದಲ್ಲಿ ಕಂಡುದು ಮನುಷ್ಯನಲ್ಲಿಯೂ ಕಾಣಬೇಕು; ಅದಕ್ಕೆ ತಾಳ್ಮೆಯ ಪರೀಕ್ಷೆ ಬೇಕು.

ಗಡಿನಾಡಿನ ನಮ್ಮ ಜನ ಆಸ್ಪತ್ರೆಯ ಮಾತನ್ನು ಮರಾಠಿಯಲ್ಲಿಯೂ ಔಷಧದ ಚೀಟಿಯನ್ನು ಇಂಗ್ಲಿಷಿನಲ್ಲಿಯೂ ಎದುರಿಸುತ್ತಾರೆ. ಅರ್ಥವಾಗದುದರ ಬಗೆಗೆ ಅಂಜಿಕೆ ಸಹಜ. ಇಂಥ ಲಸಿಕೆ ನಾಳೆ ನಮ್ಮ ಹಳ್ಳಿಗೆ ಬಂದಾಗ, “ಇದರಾಗ ಏನೈತ್ರಿ?” ಎಂದು ಕೇಳುವ ತಾಯಿಗೆ ಕನ್ನಡದಲ್ಲಿ ನೇರವಾದ ಉತ್ತರ ದೊರೆಯಬೇಕು. ಆ ಉತ್ತರವನ್ನು ಸಿದ್ಧಪಡಿಸುವುದೂ ಸಾಹಿತ್ಯ ಸೇವೆಯೇ ಎಂದು ನಾವು ನಂಬಿದ್ದೇವೆ.