ಸುಣ್ಣಗಲ್ಲಿನ ಸೀಮೆಯಲ್ಲಿ ಕಂಪ್ಯೂಟರ್ ಕ್ಯಾಬಿನೆಟ್

ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಾಳಗಿ, ಸೇಡಂ, ಚಿತ್ತಾಪುರ ಭಾಗದಲ್ಲಿ ಕಂಪ್ಯೂಟರ್ ಕ್ಯಾಬಿನೆಟ್ ಕೊಳ್ಳುವವರು ಬಿಸಿಲಿನೊಂದಿಗೆ ದೂಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಫ್ಯಾನು ಎಷ್ಟೇ ಜೋರಾಗಿ ತಿರುಗಿದರೂ ಒಳಗಿನ ಭಾಗಗಳನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅದರ ಮೇಲೆ ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳ ಹಾಗೂ ಶಹಾಬಾದಿನ ಕಲ್ಲುಗಣಿಗಳ ಸುತ್ತ ಏಳುವ ನುಣ್ಣನೆಯ ದೂಳು ಹೀಟ್‌ಸಿಂಕಿನ, ಅಂದರೆ ಪ್ರೊಸೆಸರಿನ ಶಾಖವನ್ನು ಹೀರಿ ಗಾಳಿಗೆ ಬಿಡುವ ಲೋಹದ ತೆಳು ಪಟ್ಟಿಗಳ, ಸಂದುಗಳಲ್ಲಿ ಕೂತಿತೆಂದರೆ ಫ್ಯಾನಿನ ವೇಗವೂ ಸದ್ದೂ ಒಟ್ಟಿಗೆ ಏರುತ್ತವೆ. ಆದ್ದರಿಂದ ಅಂಗಡಿಯಲ್ಲಿ ಬಣ್ಣದ ದೀಪಗಳಿಂದ ಮಿನುಗುವ, ಮುಂಭಾಗವನ್ನು ಗಾಜಿನಿಂದ ಮುಚ್ಚಿದ ಪೆಟ್ಟಿಗೆ ಈ ಸೀಮೆಗೆ ಹೇಳಿಸಿದ್ದಲ್ಲ. ಮುಂಭಾಗದಲ್ಲಿ ಜಾಲರಿಯೂ ಅದರ ಹಿಂದೆ ಸುಲಭವಾಗಿ ಕಳಚಿ ತೊಳೆಯಬಹುದಾದ ಫಿಲ್ಟರೂ ಇರುವ ಕ್ಯಾಬಿನೆಟ್ಟೇ ಲೇಸು. ಗಾಳಿಯನ್ನು ಹೊರದಬ್ಬುವ ಫ್ಯಾನುಗಳಿಗಿಂತ ಒಳಗೆಳೆಯುವವು ತುಸು ಹೆಚ್ಚು ಗಾಳಿ ತಂದರೆ ಪೆಟ್ಟಿಗೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗುತ್ತದೆ. ಇದನ್ನೇ ಧನಾತ್ಮಕ ಒತ್ತಡ ಎನ್ನುತ್ತಾರೆ. ಆಗ ಗಾಳಿ ಸಂದುಗೊಂದುಗಳಿಂದ ಹೊರಕ್ಕೆ ಹರಿಯುವುದರಿಂದ ದೂಳು ಆ ದಾರಿಯಲ್ಲಿ ನುಸುಳುವುದು ಕಡಿಮೆಯಾಗುತ್ತದೆ, ಆದರೆ ಫಿಲ್ಟರ್ ಕಟ್ಟಿಕೊಂಡರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಸದ್ದಿನ ವಿಷಯದಲ್ಲಿ ಫ್ಯಾನಿನ ಗಾತ್ರವೇ ಮುಖ್ಯ: 140 ಮಿಲಿಮೀಟರಿನ ಫ್ಯಾನು 120 ಮಿಲಿಮೀಟರಿನದಕ್ಕಿಂತ ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿ ಸಾಗಿಸಬಲ್ಲದು, ಮತ್ತು ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಸದ್ದು ಸುಮಾರು 15 ಡೆಸಿಬಲ್ ತಗ್ಗುತ್ತದೆ. ಇಷ್ಟೆಲ್ಲ ನೋಡಿ ತಂದ ಕ್ಯಾಬಿನೆಟ್ಟನ್ನು ನೀರಿನ ಕೂಲರಿನ ಎದುರಿಗೇ ಇಡುವ ಪರಿಪಾಠವೊಂದಿದೆ. ಆ ತೇವಕ್ಕೆ ದೂಳು ಕೆಸರಾಗಿ ಅಂಟಿ ಬ್ರಶ್ಶಿಗೂ ಬಗ್ಗುವುದಿಲ್ಲ.